ಕುಟುಂಬದ ಕಾರು: ಹೊಸತೋ, ಹಳತೋ?

ಸಂಸಾರಿಯಾದವನು ತನ್ನ ಜೀವಮಾನದಲ್ಲಿ ದೊಡ್ಡ ಮೊಬಲಗನ್ನು ಒಂದೇ ಸಲ ಕೈಬಿಡುವ ಸಂದರ್ಭಗಳು ಮೂರು ನಾಲ್ಕಕ್ಕಿಂತ ಹೆಚ್ಚಿರುವುದಿಲ್ಲ. ಮನೆ, ಮದುವೆ, ಚಿನ್ನ, ಈಗಿನ ಕಾಲದಲ್ಲಿ ಇವುಗಳ ಜೊತೆಗೆ ಕಾರು. ಮನೆಯ ಬೆಲೆಯೂ ಚಿನ್ನದ ಬೆಲೆಯೂ ಸಾಮಾನ್ಯವಾಗಿ ಏರುತ್ತ ಹೋಗುವುವು. ಕಾರಿನ ಬೆಲೆಯಾದರೋ ಅಂಗಡಿಯ ಹೊಸ್ತಿಲು ದಾಟಿದ ದಿನದಿಂದಲೇ ಇಳಿಯತೊಡಗುವುದು. ಆದುದರಿಂದ ಕಾರನ್ನು ಆಸ್ತಿಯೆಂದು ಎಣಿಸದೆ, ಅಕ್ಕಿ ಬೇಳೆಗಳಂತೆ ಬಳಸಿ ತೀರಿಸತಕ್ಕ ಪದಾರ್ಥವೆಂದೇ ಎಣಿಸಬೇಕು. ಹೀಗೆ ಎಣಿಸಿದವರಿಗೆ ಮುಂದಿನ ವಿಚಾರವೆಲ್ಲ ಸುಲಭವಾಗುವುದು.

ನಮ್ಮ ವಿಮಾನಪುರದ ವಾಚಕರೊಬ್ಬರು ಈ ತಿಂಗಳು ಒಂದು ಪ್ರಶ್ನೆಯನ್ನು ಬರೆದು ಕಳುಹಿಸಿರುವರು. ಅವರು ಉದ್ಯೋಗದಿಂದ ನಿವೃತ್ತರಾದವರು. ಮನೆಯಲ್ಲಿ ಐವರು. ಪತ್ನಿಗೆ ಮೊಣಕಾಲಿನ ಬಾಧೆ. ವಾರವಾರವೂ ಆಸ್ಪತ್ರೆಗೆ ಕರೆದೊಯ್ಯಬೇಕು. ಮಧ್ಯಮ ಗಾತ್ರದ ಸೆಡಾನ್ ಕಾರು ಬೇಕೆಂಬುದರಲ್ಲಿ ಎಲ್ಲರದೂ ಒಮ್ಮತ. ಮಗನು ಹೊಸತನ್ನೇ ಕೊಳ್ಳೋಣವೆನ್ನುವನು. ಆಕೆಯಾದರೋ, “ನಿವೃತ್ತಿಯ ಗಂಟನ್ನೆಲ್ಲ ತಗಡಿಗೆ ಸುರಿಯಬೇಡಿರಿ, ಹಳತಾದರೂ ಸಾಕು” ಎನ್ನುವರು. ಯಾರ ಮಾತು ಸರಿ ಎಂಬುದು ಪ್ರಶ್ನೆ. ಇದು ಒಂದು ಮನೆಯ ಪ್ರಶ್ನೆಯಲ್ಲ. ಆದುದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತೇವೆ.

ವಿಮಾನಪುರದವರಿಗೆ ಯಂತ್ರಗಳ ವಿಷಯವನ್ನು ಹೇಳಹೊರಡುವುದು ಕಮ್ಮಾರನ ಬೀದಿಯಲ್ಲಿ ಸೂಜಿ ಮಾರಿದಂತೆ. ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ೧೯೪೦ರ ಡಿಸೆಂಬರಿನಲ್ಲಿ ಇಲ್ಲಿ ವಿಮಾನದ ಕಾರ್ಖಾನೆಯನ್ನು ಸ್ಥಾಪಿಸಿದರು. ಊರಿಗೆ ಹೆಸರು ಬಂದುದೇ ಅದರಿಂದ. ಅದೇ ಮಹನೀಯರು ೧೯೪೪ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಎಂಬ ಕಾರಿನ ಸಂಸ್ಥೆಯನ್ನೂ ಹುಟ್ಟಿಸಿದರು. ಮುಂದೆ ದೇಶದ ಎಷ್ಟೋ ಸಂಸಾರಗಳನ್ನು ಹೊತ್ತು ತಿರುಗಿದ ಪದ್ಮಿನಿ ಕಾರು ಆ ಸಂಸ್ಥೆಯದು. ವಿಮಾನದ ಕೆಲಸ ಬಲ್ಲವರಲ್ಲಿ ಒಂದು ಒಳ್ಳೆಯ ಪದ್ಧತಿಯುಂಟು. ಅವರು ವಿಮಾನವನ್ನು ಅದರ ಬಣ್ಣ ನೋಡಿ ಬೆಲೆಕಟ್ಟುವುದಿಲ್ಲ. ಎಷ್ಟು ಗಂಟೆ ಹಾರಿದೆ, ಯಾವಾಗ ಏನು ಬದಲಾಯಿಸಿದರು ಎಂಬುದನ್ನು ಬರೆದಿಟ್ಟ ದಾಖಲೆಯ ಪುಸ್ತಕವನ್ನು ನೋಡಿ ಬೆಲೆಕಟ್ಟುವರು. ದಾಖಲೆಯಿಲ್ಲದ ವಿಮಾನವು ಎಷ್ಟು ಹೊಳೆಯುತ್ತಿದ್ದರೂ ಅದನ್ನು ನಂಬುವವರಿಲ್ಲ. ಕಾರಿಗೂ ಇದೇ ನ್ಯಾಯವನ್ನು ಅನ್ವಯಿಸಿರಿ ಎಂಬುದೇ ನಮ್ಮ ಮಾತಿನ ಸಾರ.

ಮೊದಲು ಅವಶ್ಯಕತೆಯ ವಿಚಾರ. ಹಿಂಭಾಗದಲ್ಲಿ ಬೇರೆಯಾಗಿ ಡಿಕ್ಕಿಯುಳ್ಳ ಕಾರನ್ನು ಸೆಡಾನ್ ಎನ್ನುವರು. ಇದರಲ್ಲಿ ನಾಲ್ಕು ಮೀಟರಿಗಿಂತ ಚಿಕ್ಕವು ಒಂದು ವರ್ಗ. ಹೋಂಡಾ ಸಿಟಿ, ಹ್ಯುಂಡೈ ವೆರ್ನಾ, ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್ ಮೊದಲಾದ ಮಧ್ಯಮ ಗಾತ್ರದವು ಇನ್ನೊಂದು ವರ್ಗ. ಈ ಎರಡನೆಯ ವರ್ಗದವು ನಾಲ್ಕೂವರೆ ಮೀಟರಿಗಿಂತ ಉದ್ದ. ಡಿಕ್ಕಿಯಲ್ಲಿ ಐನೂರು ಲೀಟರಿಗೂ ಮೀರಿದ ಜಾಗ. ಐವರು ಊರಿಗೆ ಹೊರಟರೆ ಪೆಟ್ಟಿಗೆಗಳನ್ನು ತೊಡೆಯ ಮೇಲಿಟ್ಟುಕೊಳ್ಳಬೇಕಾದುದಿಲ್ಲ. ಆದರೆ ತೆರಿಗೆಯಲ್ಲಿ ಬಹಳ ಅಂತರವಿದೆ. ೨೦೨೫ರ ಸೆಪ್ಟೆಂಬರ್ ೨೨ರಿಂದ ಚಿಕ್ಕ ವರ್ಗದ ಕಾರಿಗೆ ಜಿ.ಎಸ್.ಟಿ. ನೂರಕ್ಕೆ ೧೮, ಮಧ್ಯಮ ಗಾತ್ರದ್ದಕ್ಕೆ ೪೦. ಆದುದರಿಂದ ವರ್ಷಕ್ಕೆ ಎಷ್ಟು ಸಲ ಐವರೂ ಒಟ್ಟಾಗಿ ದೂರ ಹೋಗುವಿರಿ ಎಂಬುದನ್ನು ಬೆರಳು ಮಡಿಸಿ ಎಣಿಸಿರಿ. ೨೦೨೩ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಗೂ ಕೃಷ್ಣರಾಜಪುರಕ್ಕೂ ನಡುವೆ ಮೆಟ್ರೋ ಕೂಡಿಕೊಂಡ ಮೇಲೆ, ಮಗನು ಇಂದಿರಾನಗರದಲ್ಲಿ ಮೆಟ್ರೋ ಹತ್ತಿ ವೈಟ್‌ಫೀಲ್ಡಿನವರೆಗೂ ಹೋಗಿಬರಬಹುದು. ಕಾರು ಪ್ರತಿದಿನ ಓಡಲೇಬೇಕೆಂಬುದಿಲ್ಲ.

ಕಾರನ್ನು ನೋಡುವುದಕ್ಕೆ ಮುಂಚೆ ಮನೆಯ ಗೇಟನ್ನೂ ಕಾರು ನಿಲ್ಲತಕ್ಕ ಸ್ಥಳವನ್ನೂ ಅಳತೆಪಟ್ಟಿಯಿಂದ ಅಳೆಯಿರಿ. ಮುರುಗೇಶಪಾಳ್ಯ, ಕಗ್ಗದಾಸಪುರಗಳ ಓಣಿಗಳಲ್ಲಿ ಅರ್ಧ ಮೀಟರಿನ ಬೆಲೆ ಏನೆಂಬುದು ಅಲ್ಲಿ ವಾಸಿಸುವವರಿಗೇ ಗೊತ್ತು. ಎರಡನೆಯದಾಗಿ, ಮನೆಯ ಯಜಮಾನತಿಯನ್ನು ಅಂಗಡಿಗೆ ಕರೆದೊಯ್ಯದೆ ಕಾರನ್ನು ಗೊತ್ತುಮಾಡಬಾರದು. ಸೆಡಾನಿನ ಪೀಠ ತಗ್ಗು. ಮೊಣಕಾಲು ನೋವಿನವರು ಇಳಿಯುವಾಗ ಪಡುವ ಕಷ್ಟವು ಯಾವ ಜಾಹೀರಾತಿನಲ್ಲಿಯೂ ಕಾಣಿಸುವುದಿಲ್ಲ. ಆಕೆಯು ನಾಲ್ಕು ಸಲ ಹತ್ತಿ ಇಳಿದು ‘ಸರಿ’ ಎಂದರೆ ಮಾತ್ರ ಸರಿ. ಮೂರನೆಯದಾಗಿ, ಐವರನ್ನೂ ಕೂರಿಸಿ ರಸ್ತೆಯ ಉಬ್ಬನ್ನು ದಾಟಿಸಿ ನೋಡಿರಿ. ನೆಲದಿಂದ ಕಾರಿನ ತಳಕ್ಕೆ ಇರುವ ಅಂತರವು ಸಿಟಿ, ವೆರ್ನಾಗಳಲ್ಲಿ ೧೬೫ ಮಿಲಿಮೀಟರು, ಸ್ಲಾವಿಯಾ, ವರ್ಟಸ್‌ಗಳಲ್ಲಿ ೧೭೯. ಈ ಅಲ್ಪ ಭೇದವೇ ನಮ್ಮ ಬೀದಿಗಳಲ್ಲಿ ತಳ ಉಜ್ಜುವುದಕ್ಕೂ ಉಜ್ಜದಿರುವುದಕ್ಕೂ ಕಾರಣವಾದೀತು.

ಇನ್ನು ಲೆಕ್ಕ. ಕಾರಿನ ಪಟ್ಟಿ ಬೆಲೆ ೧೨ ಲಕ್ಷವೆಂದು ಇಟ್ಟುಕೊಳ್ಳೋಣ. ನಮ್ಮ ರಾಜ್ಯದಲ್ಲಿ ಈ ಬೆಲೆಯ ಕಾರಿಗೆ ಜೀವಾವಧಿ ತೆರಿಗೆ ನೂರಕ್ಕೆ ೧೭, ಅದರ ಮೇಲೆ ಉಪಕರ. ವಿಮೆ ಮೊದಲಾದುವು ಬೇರೆ. ಎಲ್ಲ ಸೇರಿ ರಸ್ತೆಗಿಳಿಯುವ ವೇಳೆಗೆ ಸುಮಾರು ೧೪ ಲಕ್ಷ ೭೦ ಸಾವಿರ ಆಗುವುದು. ವಿಮೆಯವರು ಕಾರಿನ ಸವೆತವನ್ನು ಕಟ್ಟುವ ಕ್ರಮ ಹೀಗಿದೆ: ಒಂದು ವರ್ಷದೊಳಗೆ ನೂರಕ್ಕೆ ೧೫, ಎರಡನೆಯ ವರ್ಷಕ್ಕೆ ೨೦, ಮೂರಕ್ಕೆ ೩೦, ನಾಲ್ಕಕ್ಕೆ ೪೦, ಐದಕ್ಕೆ ೫೦. ಪೇಟೆಯ ಬೆಲೆ ಇದಕ್ಕಿಂತ ತುಸು ಮೇಲೆ ಕೆಳಗೆ ಆಗಬಹುದಾದರೂ ಅಂದಾಜಿಗೆ ಇದು ಸಾಕು. ಐದು ವರ್ಷದ ಕೊನೆಗೆ ಕಾರಿನ ಬೆಲೆ ೬ ಲಕ್ಷ. ಕರಗಿದ್ದು ೮ ಲಕ್ಷ ೭೦ ಸಾವಿರ. ಎಂದರೆ ಪೆಟ್ರೋಲಿನ ಖರ್ಚನ್ನು ಬಿಟ್ಟು ತಿಂಗಳಿಗೆ ೧೪,೫೦೦ ರೂಪಾಯಿ.

ಆ ಐದು ವರ್ಷದ ಕಾರನ್ನೇ ಇನ್ನೊಬ್ಬರು ೬ ಲಕ್ಷಕ್ಕೆ ಕೊಂಡು, ಐದು ವರ್ಷ ಬಳಸಿ, ಎರಡೂವರೆ ಲಕ್ಷಕ್ಕೆ ಮಾರಿದರೆನ್ನೋಣ. ಹಳೆಯದಾದುದರಿಂದ ರಿಪೇರಿಗೆಂದು ಹೆಚ್ಚಾಗಿ ಒಂದೂವರೆ ಲಕ್ಷ ತಗಲಿತೆಂದೂ ಸೇರಿಸೋಣ. ಒಟ್ಟು ೫ ಲಕ್ಷ. ತಿಂಗಳಿಗೆ ೮,೩೦೦ ಚಿಲ್ಲರೆ. ಹೊಸತಕ್ಕೂ ಹಳತಕ್ಕೂ ತಿಂಗಳೊಂದಕ್ಕೆ ಆರು ಸಾವಿರದ ಅಂತರ! ನಿವೃತ್ತರ ಮನೆಯಲ್ಲಿ ಇದು ಔಷಧದ ಖರ್ಚು. ಜೀವಾವಧಿ ತೆರಿಗೆಯನ್ನು ಮೊದಲಿನವರು ಕಟ್ಟಿರುವರಾದುದರಿಂದ ಇದೇ ರಾಜ್ಯದ ಕಾರಿಗೆ ಎರಡನೆಯವರು ಮತ್ತೆ ಕಟ್ಟಬೇಕಾದುದಿಲ್ಲ. ಹೊರರಾಜ್ಯದ ಕಾರು ಅಗ್ಗವೆಂದು ತಂದವರು ಇಲ್ಲಿ ತೆರಿಗೆ ಕಟ್ಟುವಾಗ ಆ ಅಗ್ಗದ ಅರ್ಥವನ್ನು ತಿಳಿದುಕೊಳ್ಳುವರು. ಕೆಎ ೦೩ ಅಥವಾ ಕೆಎ ೫೩ರ ಫಲಕವುಳ್ಳ ಕಾರು ದೊರೆತರೆ ಇಂದಿರಾನಗರ ಇಲ್ಲವೆ ಕೃಷ್ಣರಾಜಪುರದ ಕಡೆಯದೇ. ಅದರ ಪೂರ್ವೋತ್ತರವನ್ನು ವಿಚಾರಿಸುವುದೂ ಸುಲಭ.

ಆದರೆ ಈ ಲಾಭವೆಲ್ಲ ಹಳೆಯ ಕಾರು ಒಳ್ಳೆಯದಾಗಿದ್ದರೆ ಮಾತ್ರ. ಪರೀಕ್ಷೆ ಹೇಗೆ? ತರ್ಕಸಂಗ್ರಹವನ್ನು ಓದಿದವರು ಬಲ್ಲರು: ಯಥಾರ್ಥಜ್ಞಾನಕ್ಕೆ ಪ್ರಮಾಣಗಳು ನಾಲ್ಕು. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಕಾರಿನ ಪರೀಕ್ಷೆಗೂ ಈ ನಾಲ್ಕೇ ಸಾಕು.

ಪ್ರತ್ಯಕ್ಷ: ಹಗಲು ಬೆಳಕಿನಲ್ಲಿಯೇ ನೋಡಬೇಕು, ಮಳೆಯಲ್ಲಿ ಒದ್ದೆಯಾದ ಬಣ್ಣವು ಎಲ್ಲ ದೋಷಗಳನ್ನೂ ಮರೆಮಾಡುವುದು. ಬಾಗಿಲುಗಳ ಸಂದುಗಳು ಎರಡು ಕಡೆಯೂ ಒಂದೇ ಸಮವಾಗಿವೆಯೆ? ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆಗಳಿರುವುವು. ೨೩೨೧ ಎಂದಿದ್ದರೆ ೨೦೨೧ನೆಯ ಇಸವಿಯ ೨೩ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಸ್ಟೆಪ್ನಿಯನ್ನೂ ಎತ್ತಿ ನೋಡಿರಿ. ಎಂಜಿನ್ ಮತ್ತು ಷಾಸಿಯ ಸಂಖ್ಯೆಗಳು ಆರ್.ಸಿ.ಯಲ್ಲಿರುವಂತೆಯೇ ಇರಬೇಕು.

ಅನುಮಾನ: ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ನಮ್ಮ ಶಾಸ್ತ್ರದ ಮೊದಲ ಉದಾಹರಣೆಯಷ್ಟೆ. ಇಲ್ಲಿ ಹೊಗೆಯ ಬಣ್ಣವನ್ನೂ ನೋಡಬೇಕು. ನೀಲಿ ಹೊಗೆಯಾದರೆ ಎಂಜಿನ್ ಎಣ್ಣೆ ಉರಿಯುತ್ತಿದೆ; ಕಪ್ಪಾದರೆ ಪೆಟ್ರೋಲು ಮಿತಿಮೀರಿ ಹೋಗುತ್ತಿದೆ; ಬಿಳಿ ಹೊಗೆ ದಟ್ಟವಾಗಿ ನಿಲ್ಲದೆ ಬರುತ್ತಿದ್ದರೆ ತಂಪಿನ ನೀರು ಒಳಗೆ ಸೇರುತ್ತಿದೆ. ಬೆಳಗ್ಗೆ ಕ್ಷಣಕಾಲ ಕಾಣುವ ತೆಳ್ಳನೆಯ ಆವಿಗೆ ಹೆದರಬೇಕಾದುದಿಲ್ಲ. ಈ ಪರೀಕ್ಷೆಗೆ ಎಂಜಿನ್ ತಣ್ಣಗಿರಬೇಕು. ನೀವು ಹೋಗುವ ಮೊದಲೇ ಬಾನೆಟ್ಟು ಬಿಸಿಯಾಗಿದ್ದರೆ ಕಾರಣ ಕೇಳಿರಿ. ಮೀಟರಿನಲ್ಲಿ ೨೦ ಸಾವಿರ ಕಿಲೋಮೀಟರಿದ್ದು, ಪೆಡಲಿನ ರಬ್ಬರು ನುಣ್ಣಗೆ ಸವೆದು, ಚಾಲಕನ ಪೀಠದ ಅಂಚು ಕುಸಿದಿದ್ದರೆ ಮೀಟರನ್ನು ಹಿಂದಕ್ಕೆ ತಿರುಗಿಸಿರುವರೆಂದು ಸಂಶಯಪಡಬೇಕು.

ಇದೇ ಪ್ರಮಾಣದಿಂದ ತಿಳಿಯತಕ್ಕ ಇನ್ನೊಂದು ಅಪಾಯ ನಮ್ಮ ನೆರೆಯದೇ. ೨೦೨೨ರ ಸೆಪ್ಟೆಂಬರಿನ ಮಳೆಯಲ್ಲಿ ಬೆಳ್ಳಂದೂರು, ಯಮಲೂರುಗಳ ಕಡೆ ಮನೆಗಳ ಮುಂದೆ ನಿಂತಿದ್ದ ಎಷ್ಟೋ ಕಾರುಗಳು ನೀರಿನಲ್ಲಿ ಮುಳುಗಿದುವು. ಮುಳುಗಿದ ಕಾರನ್ನು ತೊಳೆದು ಒಣಗಿಸಿದರೆ ಹೊರಗೆ ಲಕ್ಷಣವಾಗಿಯೇ ಕಾಣುವುದು. ಆದರೆ ವಿದ್ಯುತ್ತಿನ ತಂತಿಗಳು ಒಳಗೊಳಗೇ ಕಿಲುಬು ಹಿಡಿದು, ಯಾವುದೋ ರಾತ್ರಿ ನಡುದಾರಿಯಲ್ಲಿ ಕೈಕೊಡುವುವು. ಸೀಟುಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಗೆರೆ ಇದೆಯೇ ಎಂದು ನೋಡಿರಿ. ಪೀಠದ ಕೆಳಗಿನ ಕಂಬಿಗಳಲ್ಲಿ ತುಕ್ಕು, ದೀಪದ ಗಾಜಿನೊಳಗೆ ಮಂಜು, ನೆಲಹಾಸಿನಲ್ಲಿ ಮುಗ್ಗಲು ವಾಸನೆ, ಅದನ್ನು ಮುಚ್ಚಲು ಸುರಿದ ಅತಿಯಾದ ಸುಗಂಧ: ಇವು ಜಲಸಮಾಧಿಯ ಗುರುತುಗಳು.

ಉಪಮಾನ: ಹಸುವನ್ನು ಬಲ್ಲವನು ಆ ಹೋಲಿಕೆಯಿಂದ ಕಾಡಿನ ಗವಯವನ್ನು ಗುರುತಿಸುವನೆಂದು ಶಾಸ್ತ್ರಕಾರರು ಹೇಳಿರುವರು. ಒಳ್ಳೆಯ ಕಾರು ಹೇಗೆ ಓಡುವುದೆಂದು ತಿಳಿಯದವನು ಕೆಟ್ಟದ್ದನ್ನು ಹೇಗೆ ಕಂಡುಹಿಡಿದಾನು? ಆದುದರಿಂದ ಮೊದಲು ಅದೇ ಜಾತಿಯ ಹೊಸ ಕಾರನ್ನೋ ಬಲ್ಲವರ ಮನೆಯ ಒಳ್ಳೆಯ ಕಾರನ್ನೋ ಒಂದು ಗಳಿಗೆ ಓಡಿಸಿ ನೋಡಿರಿ. ಕ್ಲಚ್ಚಿನ ಭಾರ, ಗೇರು ಬೀಳುವ ರೀತಿ, ಬ್ರೇಕು ಹಿಡಿಯುವ ಬಗೆ ಕೈಕಾಲಿಗೆ ಅಭ್ಯಾಸವಾದ ಮೇಲೆ ಹಳತನ್ನು ಹತ್ತಿದರೆ ಭೇದ ತಾನಾಗಿ ತಿಳಿಯುವುದು.

ಶಬ್ದ: ಆಪ್ತನ ಮಾತು ಪ್ರಮಾಣ, ಆಪ್ತನೆಂದರೆ ಇದ್ದುದನ್ನು ಇದ್ದಂತೆ ಹೇಳುವವನು. “ಡಾಕ್ಟರು ಓಡಿಸಿದ ಕಾರು ಸ್ವಾಮಿ, ಒಬ್ಬರೇ ಓನರು” ಎನ್ನುವ ಮಾರಾಟಗಾರನು ಆ ಲಕ್ಷಣಕ್ಕೆ ಸೇರನು. ಇಲ್ಲಿ ಆಪ್ತವಾಕ್ಯವೆಂದರೆ ದಾಖಲೆಗಳು. ಪ್ರತಿ ಸರ್ವಿಸಿನ ದಿನಾಂಕವನ್ನೂ ಕಿಲೋಮೀಟರನ್ನೂ ತೋರಿಸುವ ಪತ್ರಗಳು, ವಿಮೆಯವರಿಂದ ಪರಿಹಾರ ಪಡೆದ ವಿವರ, ಮೊಬೈಲಿನಲ್ಲಿಯೇ ನೋಡಬಹುದಾದ ಸರ್ಕಾರದ ಪರಿವಾಹನ್ ದಾಖಲೆ: ಇವನ್ನು ಒಂದರೊಡನೊಂದು ಹೋಲಿಸಿರಿ. ಸಾಲ ತೀರಿದೆಯೆ, ದಂಡದ ಬಾಕಿಯಿದೆಯೆ ಎಂಬುದನ್ನೂ ನೋಡಿರಿ. ಕಡೆಗೆ, ಮಾರುವವನ ಕಡೆಯವನಲ್ಲದ ಒಬ್ಬ ಮೆಕ್ಯಾನಿಕ್ಕಿಗೆ ಹಣ ಕೊಟ್ಟು ತೋರಿಸಿರಿ. ಅವನಿಗೆ ಕೊಟ್ಟ ಸಾವಿರವು ಲಕ್ಷವನ್ನು ಉಳಿಸುವುದುಂಟು.

ಹಳತನ್ನು ಕೊಂಡರೂ ಒಂದು ಮಿತಿಯನ್ನು ದಾಟಬಾರದು. ಅದು ಪ್ರಾಣದ ವಿಷಯ. ಬ್ರೇಕು ಹಿಡಿದಾಗ ಚಕ್ರ ಜಾರದಂತೆ ತಡೆಯುವ ಎ.ಬಿ.ಎಸ್. ಏರ್ಪಾಡು ೨೦೧೯ರ ಏಪ್ರಿಲಿನಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು. ಬಿ.ಎಸ್. ೬ ನಿಯಮ ಬಂದುದು ೨೦೨೦ರ ಏಪ್ರಿಲಿನಲ್ಲಿ. ಮುಂದಿನ ಎರಡು ಪೀಠಗಳಿಗೂ ಗಾಳಿಚೀಲ ಕಡ್ಡಾಯವಾದುದು ೨೦೨೨ರ ಆರಂಭದಿಂದ. ೨೦೨೦ಕ್ಕೆ ಹಿಂದಿನ ಕಾರು ಎಷ್ಟೇ ಅಗ್ಗವಾಗಿದ್ದರೂ ಮೊಮ್ಮಕ್ಕಳನ್ನು ಕೂರಿಸುವ ಮನೆಗೆ ಬೇಡವೆಂದು ನಮ್ಮ ಅಭಿಪ್ರಾಯ. ಸ್ಲಾವಿಯಾ, ವರ್ಟಸ್, ವೆರ್ನಾಗಳು ೨೦೨೩ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದುವು. ಇಂಥ ಪರೀಕ್ಷೆಯ ಫಲವನ್ನು ಬಣ್ಣಕ್ಕಿಂತ ಮೊದಲು ಕೇಳಿರಿ. ಹಿಂದೆ ಕುಳಿತವರೂ ಬೆಲ್ಟು ಕಟ್ಟಿಕೊಳ್ಳದಿದ್ದರೆ ಯಾವ ನಕ್ಷತ್ರವೂ ಕಾಪಾಡದು.

ಬೆಲೆ ಕುದುರಿದ ದಿನ ಕಾಗದಪತ್ರಗಳಲ್ಲಿ ದಾಕ್ಷಿಣ್ಯ ಬೇಡ. ೨೯ ಮತ್ತು ೩೦ನೆಯ ನಮೂನೆಗಳಿಗೆ ಸಹಿಯಾಗಬೇಕು; ಸಾಲವಿದ್ದು ತೀರಿದ್ದರೆ ೩೫ನೆಯದೂ ಬೇಕು. ಮಾರಿದವರು ೧೪ ದಿನಗಳೊಳಗೂ ಕೊಂಡವರು ೩೦ ದಿನಗಳೊಳಗೂ ಆರ್.ಟಿ.ಓ. ಕಛೇರಿಗೆ ತಿಳಿಸಬೇಕೆಂಬುದು ೧೯೮೮ರ ಮೋಟಾರು ವಾಹನ ಕಾಯಿದೆಯ ವಿಧಿ. ವಿಮೆಯನ್ನೂ ಹೆಸರಿಗೆ ಮಾಡಿಸಿಕೊಳ್ಳಿರಿ. ಮೊದಲಿನವರು ಪರಿಹಾರ ಕೇಳದೆ ಗಳಿಸಿದ ರಿಯಾಯಿತಿ ಅವರದು. ಅದು ಕಾರಿನೊಡನೆ ಬರುವುದಿಲ್ಲ. ನೋಂದಣಿಯ ಅವಧಿ ೧೫ ವರ್ಷ. ಬಳಿಕ ಪರೀಕ್ಷೆಗೊಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಐದು ವರ್ಷದ ಕಾರಿಗೆ ಇನ್ನೂ ಹತ್ತು ವರ್ಷದ ಆಯುಸ್ಸುಂಟು.

ಹಾಗಾದರೆ ಹೊಸ ಕಾರನ್ನು ಯಾರೂ ಕೊಳ್ಳಬಾರದೆ? ಹಾಗಲ್ಲ. ಪ್ರತಿದಿನ ದೂರ ಓಡಿಸತಕ್ಕವರು, ಹತ್ತು ಹನ್ನೆರಡು ವರ್ಷ ಅದನ್ನೇ ಇಟ್ಟುಕೊಳ್ಳತಕ್ಕವರು, ದುಡಿಯುವ ಕೈಯ ಸಂಪಾದನೆಯಿಂದಲೇ ಕಂತನ್ನು ಕಟ್ಟಬಲ್ಲವರು ಹೊಸತನ್ನು ಕೊಂಡರೆ ತಪ್ಪಿಲ್ಲ. ಬಹುಕಾಲ ಇಟ್ಟುಕೊಂಡಷ್ಟೂ ಮೊದಲ ವರ್ಷಗಳ ನಷ್ಟ ಹಂಚಿಹೋಗುವುದು. ಇಂಥವರು ಮಗನ ಸಂಬಳದ ಮೇಲೆ ಸಾಲ ತೆಗೆಯಲಿ. ತಂದೆಯ ನಿವೃತ್ತಿಯ ಗಂಟಿನ ಮೇಲೆ ಅಲ್ಲ. ದುಡಿಯುವವನು ಮತ್ತೆ ಗಳಿಸಬಲ್ಲನು. ನಿವೃತ್ತನ ಗಂಟು ಒಮ್ಮೆ ಕರಗಿದರೆ ಮತ್ತೆ ಗಟ್ಟಿಯಾಗುವುದಿಲ್ಲ.

ಪತ್ರ ಬರೆದ ವಾಚಕರಿಗೆ ನಮ್ಮ ಸಲಹೆ ಇಷ್ಟು. ವಾರಕ್ಕೆ ಒಂದೆರಡು ಸಲ ಆಸ್ಪತ್ರೆ, ಆಗಾಗ್ಗೆ ದೇವನಹಳ್ಳಿಯ ವಿಮಾನ ನಿಲ್ದಾಣ, ವರ್ಷಕ್ಕೆರಡು ಸಲ ಊರು: ಇಷ್ಟೇ ಓಡಾಟವಾದರೆ, ದಾಖಲೆ ಚೊಕ್ಕಟವಾಗಿರುವ ನಾಲ್ಕೈದು ವರ್ಷದ ಪೆಟ್ರೋಲ್ ಸೆಡಾನ್ ನಿಮಗೆ ಧಾರಾಳವಾಗಿ ಸಾಕು. ಉಳಿದ ಹಣವನ್ನು ಮನೆಯಾಕೆಯ ಹೆಸರಿನಲ್ಲಿ ಬ್ಯಾಂಕಿನಲ್ಲಿಡಿರಿ. ದಾಖಲೆ ಚೊಕ್ಕಟವಾದ ಕಾರು ಸಿಕ್ಕುವವರೆಗೆ ಆತುರಪಡದೆ ಕಾಯಿರಿ. ಅದುವರೆಗೆ ಆಸ್ಪತ್ರೆಗೆ ಬಾಡಿಗೆಯ ಕಾರಿನಲ್ಲಿ ಹೋಗಿಬಂದರೆ ಯಾರ ಮರ್ಯಾದೆಗೂ ಕೊರತೆಯಿಲ್ಲ.