ಇದರಿಂದ ಸಿಂಗಳೀಕಕ್ಕೇನು ಒಳಿತು? ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕದ ಅರಣ್ಯ ಮತ್ತು ಪರಿಸರ ಸಚಿವರಿಗೆ,



2019ರಲ್ಲಿ ರಾಜ್ಯ ಸರ್ಕಾರ ಶರಾವತಿ ಕಣಿವೆಯ ಅಭಯಾರಣ್ಯ, ಅಘನಾಶಿನಿಯ ಸಂರಕ್ಷಣಾ ಮೀಸಲು ಮತ್ತು ಇವುಗಳ ನಡುವಿನ ಕಾಡುಗಳನ್ನು ಒಟ್ಟುಗೂಡಿಸಿ, 900 ಚದರ ಕಿಲೋಮೀಟರಿಗೂ ಮಿಕ್ಕ ಪ್ರದೇಶಕ್ಕೆ ಸಿಂಗಳೀಕದ ಹೆಸರಿಟ್ಟಿತು. ಹುಲಿ, ಆನೆಗಳಿಗಷ್ಟೇ ಮರ್ಯಾದೆ ಸಲ್ಲುವ ನಾಡಿನಲ್ಲಿ ಒಂದು ಮಂಗನ ಹೆಸರಿನಲ್ಲಿ ಅಭಯಾರಣ್ಯವಾಗಿದ್ದು ಸಣ್ಣ ಮಾತಲ್ಲ. ಈಗ ಅದೇ ಅಭಯಾರಣ್ಯದೊಳಗೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ, ಅಂದರೆ ಕೆಳಗಿನ ಜಲಾಶಯದ ನೀರನ್ನು ಮೇಲಿನದಕ್ಕೆ ಎತ್ತಿಟ್ಟು ಬೇಕಾದಾಗ ಇಳಿಸಿ ವಿದ್ಯುತ್ ಪಡೆಯುವ ಯೋಜನೆ, ತರಲು ಕಡತ ಮೇಜಿನಿಂದ ಮೇಜಿಗೆ ಓಡಾಡಿದೆ. ಆ ಕಡತದ ಬಗ್ಗೆಯೇ ಈ ಪತ್ರ.

ಸಿಂಗಳೀಕ ಪಶ್ಚಿಮಘಟ್ಟ ಬಿಟ್ಟು ಜಗತ್ತಿನ ಬೇರಾವ ಕಾಡಿನಲ್ಲೂ ಇಲ್ಲ. ಕೇರಳ, ತಮಿಳುನಾಡು, ಕರ್ನಾಟಕ ಸೇರಿ ಉಳಿದಿರುವುದು ಸುಮಾರು 4 ಸಾವಿರ. ಅದರ ನೆಲೆಯ ಉತ್ತರದ ಕೊನೆಯೇ ನಮ್ಮ ಶರಾವತಿ, ಅಘನಾಶಿನಿ ಕಣಿವೆಗಳು. ಕರಿ ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಗೊಂದು ಕುಚ್ಚು. ಫೋಟೊಗೆ ಚೆಂದ. ಆದರೆ ಅದನ್ನು ಉಳಿಸಲು ತಿಳಿಯಬೇಕಾದದ್ದು ಅದರ ಊಟ ಮತ್ತು ಓಡಾಟ.

ಮುಸಿಯ ಎಲೆ ತಿಂದು ಬದುಕಬಲ್ಲದು. ಕೋತಿಗೆ ಬಸ್‌ಸ್ಟ್ಯಾಂಡೂ ಸಾಕು, ದೇವಸ್ಥಾನವೂ ಸಾಕು. ಸಿಂಗಳೀಕಕ್ಕೆ ಮಾತ್ರ ಹನ್ನೆರಡು ತಿಂಗಳೂ ಯಾವುದಾದರೊಂದು ಮರದಲ್ಲಿ ಹಣ್ಣಿರಬೇಕು. ಒಂದು ಮರ ಮುಗಿದಾಗ ಇನ್ನೊಂದು ಜಾತಿಯ ಮರ ಹಣ್ಣಾಗಬೇಕು. ಇಷ್ಟು ಬಗೆಯ ಮರಗಳು ಒಟ್ಟಿಗಿರುವುದು ಹಳೆಯ ನಿತ್ಯಹರಿದ್ವರ್ಣ ಕಾನಿನಲ್ಲೇ ಹೊರತು ಇಲಾಖೆ ಬೆಳೆಸಿದ ಅಕೇಶಿಯಾ ತೋಪಿನಲ್ಲಲ್ಲ. ಅದೂ ಅಲ್ಲದೆ, ಸಿಂಗಳೀಕ ನೆಲಕ್ಕಿಳಿಯುವುದು ಅಪರೂಪ. ಕೊಂಬೆಯಿಂದ ಕೊಂಬೆಗೆ ಹಾಯುವುದೇ ಅದರ ದಾರಿ. ಹೆಣ್ಣು ಮೊದಲ ಮರಿ ಹಾಕುವಾಗ ವಯಸ್ಸು ಆರರ ಆಸುಪಾಸು, ಮತ್ತೊಂದು ಮರಿಗೆ ಎರಡು ಮೂರು ವರ್ಷ ಬೇಕು. ಒಂದು ಗುಂಪಿನಲ್ಲಿ ನಾಲ್ಕು ಸತ್ತರೆ ತುಂಬಿಕೊಳ್ಳಲು ಎಷ್ಟು ಕಾಲ ಹಿಡಿಯುತ್ತದೆಂದು ಲೆಕ್ಕ ಹಾಕಿ ನೋಡಿ.

ಯೋಜನೆಯವರು ಹೇಳುವುದು ಇಷ್ಟು: ತಲಕಳಲೆ, ಗೇರುಸೊಪ್ಪೆ ಜಲಾಶಯಗಳು ಹೇಗೂ ಇವೆ; ಸುರಂಗ, ವಿದ್ಯುದಾಗಾರ ಎಲ್ಲವೂ ನೆಲದಡಿಯಲ್ಲಿ; ಹೋಗುವ ಕಾಡು ಬಹಳ ಕಡಿಮೆ. ಎಕರೆ ಲೆಕ್ಕದಲ್ಲಿ ಕಡಿಮೆಯಿರಬಹುದು. ಆದರೆ ಸುರಂಗಕ್ಕೆ ಬಾಯಿ ಬೇಕು, ಅಲ್ಲಿಗೆ ಭಾರಿ ಲಾರಿಗಳು ಹೋಗುವಂತೆ ರಸ್ತೆ ಅಗಲವಾಗಬೇಕು, ತೋಡಿದ ಕಲ್ಲುಮಣ್ಣು ಸುರಿಯಲು ಜಾಗ ಬೇಕು. ಕಡಿದಾದ ಘಟ್ಟದಲ್ಲಿ, ಶರಾವತಿ ಕಣಿವೆಯ ಮಳೆಯಲ್ಲಿ, ಆ ಮಣ್ಣು ಸುರಿದಲ್ಲೇ ನಿಲ್ಲುತ್ತದೆಂದು ನಂಬುವವರು ಒಂದು ಆಷಾಢ ಅಲ್ಲಿದ್ದು ಬರಲಿ. ರಸ್ತೆ ಅಗಲವಾದಲ್ಲೆಲ್ಲ ಎರಡೂ ಬದಿಯ ಕೊಂಬೆಗಳು ದೂರವಾಗುತ್ತವೆ. ಹಾಗೆ ಕಾಡು ತುಂಡಾದರೆ ಏನಾಗುತ್ತದೆಂದು ತಮಿಳುನಾಡಿನ ವಾಲ್ಪಾರೈಯಲ್ಲಿ ನೋಡಬಹುದು. ಟೀ ತೋಟಗಳ ನಡುವೆ ಉಳಿದ ಕಾಡಿನ ಚೂರಿನಲ್ಲಿ ಸಿಕ್ಕಿಬಿದ್ದ ಸಿಂಗಳೀಕಗಳು ರಸ್ತೆಗಿಳಿದು ವಾಹನಕ್ಕೆ ಸಿಕ್ಕಿ ಸಾಯುತ್ತಿವೆ. ಮರದಿಂದ ಮರಕ್ಕೆ ತೂಗುಸೇತುವೆ ಕಟ್ಟಿ ಉಳಿಸಿಕೊಳ್ಳುವ ಪಾಡು ಅಲ್ಲಿಯವರದು.

ಇನ್ನು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೇ ಕಲಂ ಪ್ರಕಾರ, ಅಭಯಾರಣ್ಯದೊಳಗಿನ ವನ್ಯಜೀವಿಗಳ ನೆಲೆಯನ್ನು ನಾಶಪಡಿಸಲು ಅನುಮತಿ ಸಿಗುವುದು ಒಂದೇ ಕಾರಣಕ್ಕೆ: ಅದು ಅಲ್ಲಿನ ವನ್ಯಜೀವಿಗಳ ಸುಧಾರಣೆಗೆ, ಉತ್ತಮ ನಿರ್ವಹಣೆಗೆ ಅಗತ್ಯವೆಂದು ಸರ್ಕಾರಕ್ಕೆ ಮನವರಿಕೆಯಾದಾಗ. ವಿದ್ಯುತ್ ಕೊರತೆ, ರಾಜ್ಯದ ಅಭಿವೃದ್ಧಿ ಎಂಬ ಮಾತು ಆ ಕಲಮಿನಲ್ಲಿಲ್ಲ. ಬೇರೆಲ್ಲೋ ಸಸಿ ನೆಡುತ್ತೇವೆಂಬ ಮಾತೂ ಇಲ್ಲ. ಹಾಗಾಗಿ ಇಂಧನ ಇಲಾಖೆ ಏನೇ ಕೇಳಲಿ, ನಿಮ್ಮ ಇಲಾಖೆ ಉತ್ತರಿಸಬೇಕಾದ ಪ್ರಶ್ನೆ ಒಂದೇ: ಇದರಿಂದ ಸಿಂಗಳೀಕಕ್ಕೇನು ಒಳಿತು?

ಕರೆಂಟು ಬೇಡವೆನ್ನಲು ನನಗೆ ಬಾಯಿಲ್ಲ; ಈ ಪತ್ರ ಬರೆದದ್ದೂ ವಿದ್ಯುತ್ ದೀಪದ ಬೆಳಕಿನಲ್ಲೇ. ಪಾವಗಡದ ಬಿಸಿಲಿನ ವಿದ್ಯುತ್ತನ್ನು ಹಗಲು ಕೂಡಿಟ್ಟು ಸಂಜೆ ಬಳಸುವ ಉಪಾಯ ರಾಜ್ಯಕ್ಕೆ ಬೇಕೇಬೇಕು. ಆದರೆ ನೀರನ್ನು ಮೇಲೆತ್ತಲು ತಗಲುವ ವಿದ್ಯುತ್ತು, ಅದೇ ನೀರು ಇಳಿದಾಗ ಬರುವ ವಿದ್ಯುತ್ತಿಗಿಂತ ಹೆಚ್ಚು. ಇದು ಉತ್ಪಾದನೆಯಲ್ಲ, ದಾಸ್ತಾನು. ದಾಸ್ತಾನಿಗೆ ಬ್ಯಾಟರಿಯಿದೆ, ಅಭಯಾರಣ್ಯದಾಚೆಯ ಜಾಗಗಳಿವೆ. ಸಿಂಗಳೀಕಕ್ಕೆ ಬೇರೆ ಜಾಗವಿಲ್ಲ.

ಶರಾವತಿ ನಾಡಿಗೆ ಬೆಳಕು ಕೊಟ್ಟು ಸಾಕಷ್ಟು ಕಳೆದುಕೊಂಡಿದೆ. 1964ರ ಲಿಂಗನಮಕ್ಕಿ ಅಣೆಕಟ್ಟೆಗೆ ಮನೆಮಠ ಬಿಟ್ಟವರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿದ್ದಾರೆ. ಆ ಬಾಕಿ ತೀರಿಸದವರು ಹೊಸ ಭರವಸೆ ಕೊಟ್ಟರೆ ಜನ ನಂಬುವುದು ಕಷ್ಟ. ಪಕ್ಕದ ಕೇರಳ, ಕರೆಂಟೋ ಕಾಡೋ ಎಂಬ ಇಂಥದೇ ಇಕ್ಕಟ್ಟಿನಲ್ಲಿ, ಸೈಲೆಂಟ್ ವ್ಯಾಲಿಯ ಅಣೆಕಟ್ಟನ್ನು ಕೈಬಿಟ್ಟಿತು. 1984ರಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿನ ಹೋರಾಟಕ್ಕೆ ಮುಖವಾದದ್ದೂ ಇದೇ ಸಿಂಗಳೀಕ.

ಮಾನ್ಯರೇ, 29ನೇ ಕಲಂ ಕೇಳುವ ಆ ಪ್ರಶ್ನೆಗೆ ನಿಮ್ಮ ಇಲಾಖೆ ಲಿಖಿತವಾಗಿ, ಕನ್ನಡದಲ್ಲಿ ಉತ್ತರಿಸಲಿ. ಸಾಗರ, ಹೊನ್ನಾವರ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳ ನೋಟಿಸ್ ಬೋರ್ಡಿನಲ್ಲಿ ಅದನ್ನು ಅಂಟಿಸಲಿ. ಉತ್ತರವಿಲ್ಲದಿದ್ದರೆ ಅನುಮತಿ ಇಲ್ಲವೆಂದು ಬರೆದು ಕಡತ ಮುಗಿಸಿ.

ಇತಿ,
ಶರಾವತಿಯ ವಿದ್ಯುತ್ ಬಳಸುವ ಒಬ್ಬ ಕನ್ನಡಿಗ