ಸಿಂಕ್ ಆದದ್ದೆಲ್ಲ ಪ್ರತಿಯಲ್ಲ

ಕೆಂಭಾವಿಯಂಥ ಊರಲ್ಲಿ ಹೊಸ ಮೊಬೈಲ್ ಕೊಳ್ಳುವವರು ಅಂಗಡಿಯವನಿಗೆ ಕೇಳುವುದು ಸಾಮಾನ್ಯವಾಗಿ ಒಂದೇ ಮಾತು: "ಹಳೇ ಫೋನಿನಾಗ ಇದ್ದದ್ದೆಲ್ಲ ಇದ್ರಾಗ ಬರ್ತದಿಲ್ರಿ?" ಅವನ ಉತ್ತರವೂ ಒಂದೇ: "ಎಲ್ಲಾ ಕ್ಲೌಡ್‌ನಾಗ ಇರ್ತದ, ಚಿಂತಿ ಮಾಡಬ್ಯಾಡ್ರಿ." ಅವನು ಸುಳ್ಳು ಹೇಳುತ್ತಿಲ್ಲ. ಬಹಳ ಸಲ ಫೋನ್ ನಂಬರುಗಳು ಬರುತ್ತವೆ, ಫೋಟೊಗಳು ಬರುತ್ತವೆ, ಬರೆದಿಟ್ಟ ಟಿಪ್ಪಣಿಗಳೂ ಬರುತ್ತವೆ. ಆದರೂ ಆ ಭರವಸೆಯನ್ನು ಒಪ್ಪಿಕೊಳ್ಳುವ ಮುನ್ನ ಒಂದು ಪ್ರಶ್ನೆ ಕೇಳಲೇಬೇಕು. ಒಂದು ಬರಹ ಎರಡು ಕಡೆ ಕಾಣಿಸಿದ ಮಾತ್ರಕ್ಕೆ ಅದಕ್ಕೆ ಎರಡು ಪ್ರತಿಗಳಿವೆ ಎನ್ನಬಹುದೇ?

ಈ ಭಾಗದ ಜನ ಮೊಬೈಲಿನ ನೋಟ್ಸ್ ಆ್ಯಪಿನಲ್ಲಿ ಏನೇನು ಬರೆದಿಡುತ್ತಾರೆಂದು ನೋಡಿದರೆ ಪ್ರಶ್ನೆಯ ತೂಕ ತಿಳಿಯುತ್ತದೆ. ಕಿರಾಣಿ ಅಂಗಡಿಯ ಉದ್ರಿ ಲೆಕ್ಕ, ಹತ್ತಿಗೆ ಯಾವ ಎಣ್ಣೆ ಯಾವಾಗ ಹೊಡೆದದ್ದೆಂಬ ದಾಖಲೆ, ಪಿಡಿಒ ಪರೀಕ್ಷೆಗೆ ಓದುವ ಹುಡುಗಿ ವರ್ಷಗಟ್ಟಲೆ ಕೂಡಿಸಿದ ಟಿಪ್ಪಣಿ, ಮೊಹರಂ ಪದ, ತತ್ವಪದಗಳನ್ನು ಹಿರಿಯರ ಬಾಯಿಂದ ಕೇಳಿ ಬರೆದುಕೊಂಡ ಹುಡುಗನ ಪಟ್ಟಿ. ಮದುವೆಯ ಫೋಟೊ ಕಳೆದರೆ ಬೀಗರ ಫೋನಿನಲ್ಲಿ ಇನ್ನೊಂದು ಸಿಕ್ಕೀತು. ಇವು ಮಾತ್ರ ಬರೆದವರ ಹತ್ತಿರ ಬಿಟ್ಟರೆ ಮತ್ತೆಲ್ಲೂ ಇರುವುದಿಲ್ಲ.

ಸಿಂಕ್ ಎಂಬ ವ್ಯವಸ್ಥೆಯ ಕೆಲಸ ಎಲ್ಲ ಕಡೆಯೂ ಒಂದೇ ಸ್ಥಿತಿ ಇರುವಂತೆ ನೋಡಿಕೊಳ್ಳುವುದು. ಫೋನಿನಲ್ಲಿ ಬರೆದ ಸಾಲು ಕಂಪ್ಯೂಟರಿನಲ್ಲೂ ಕಾಣಬೇಕು, ಅಷ್ಟೇ. ಅದೇ ನಿಯಮದಂತೆ ಫೋನಿನಲ್ಲಿ ಅಳಿಸಿದ ಸಾಲು ಕಂಪ್ಯೂಟರಿನಲ್ಲೂ ಅಳಿಯಬೇಕು. ಕರೆಂಟು, ನೆಟ್‌ವರ್ಕು ಇಲ್ಲದ ಹೊತ್ತಿನಲ್ಲಿ ಮಗು ಆಟವಾಡುತ್ತ ಒಂದು ನೋಟ್ ಅಳಿಸಿದರೆ, ನೆಟ್‌ವರ್ಕ್ ಬಂದ ಕೂಡಲೇ ಆ ಅಳಿಸುವಿಕೆಯೂ ನಿಷ್ಠೆಯಿಂದ ಎಲ್ಲ ಕಡೆ ತಲುಪುತ್ತದೆ. ಮನುಷ್ಯನ ನೆರಳಿನಂತೆ ಇದು. ದೇಹ ಬಿದ್ದರೆ ಎತ್ತಿ ನಿಲ್ಲಿಸುವ ಶಕ್ತಿ ನೆರಳಿಗಿಲ್ಲ. ಆ್ಯಪ್ ಮಾಡಿದವರಿಗೂ ಇದು ಗೊತ್ತು, ಅದಕ್ಕೇ ಕಸದ ಬುಟ್ಟಿಯೊಂದನ್ನು ಇಟ್ಟಿರುತ್ತಾರೆ. ಗೂಗಲ್ ಕೀಪ್‌ನಲ್ಲಿ ಅಳಿಸಿದ ಟಿಪ್ಪಣಿ ಆ ಬುಟ್ಟಿಯಲ್ಲಿ 7 ದಿನ ಇರುತ್ತದೆ. ಆಮೇಲೆ ಇಲ್ಲ. ದಿನಾ ಆಫೀಸಿನಲ್ಲಿ ಕೂತು ತನ್ನ ನೋಟ್ಸ್ ನೋಡುವವನಿಗೆ 7 ದಿನ ಸಾಕಾದೀತು. ಉದ್ರಿ ಲೆಕ್ಕ ಆ ಗತಿಯಲ್ಲಿ ನಡೆಯುವುದಿಲ್ಲ. ಮುಂಗಾರಿನಲ್ಲಿ ಒಯ್ದ ಸಾಮಾನಿನ ಹಣ ಹತ್ತಿ ಬಿಡಿಸಿ, ಮಾರಿ, ರೊಕ್ಕ ಕೈಗೆ ಬಂದ ಮೇಲೆ ಬರುತ್ತದೆ. ಅಂಗಡಿಯಾತ ಆ ಗಿರಾಕಿಯ ಪುಟ ತೆರೆಯುವುದು ಆಗಲೇ. ಪುಟ ಇಲ್ಲವೆಂದು ತಿಳಿಯುವ ಹೊತ್ತಿಗೆ ಬುಟ್ಟಿ ಎಷ್ಟೋ ಸಲ ಖಾಲಿಯಾಗಿರುತ್ತದೆ. ಯಾರದೋ ಅವಸರದ ಬದುಕಿಗೆ ಹೊಂದಿಸಿದ ಗಡುವಿನಲ್ಲಿ ಸುಗ್ಗಿಯ ಲೆಕ್ಕ ಇಡುವುದು ಎಂದೂ ಸುರಕ್ಷಿತವಲ್ಲ.

ಇನ್ನೊಂದು ತೊಡಕು ಇದಕ್ಕಿಂತ ಮೊದಲೇ, ಅಂಗಡಿಯಲ್ಲೇ ಶುರುವಾಗಿರುತ್ತದೆ. ಫೋನ್ ಚಾಲೂ ಮಾಡಲು ಜಿಮೇಲ್ ಬೇಕು ಎಂದಾಗ ಅಂಗಡಿಯ ಹುಡುಗ ಗಿರಾಕಿಯ ಹೆಸರಿನಲ್ಲಿ ಒಂದು ಐಡಿ ಮಾಡಿ, ಪಾಸ್‌ವರ್ಡೂ ತಾನೇ ಹಾಕಿ ಕೊಟ್ಟುಬಿಡುತ್ತಾನೆ. ಮುಂದಿನ ಫೋನಿಗೆ ಇನ್ನೊಂದು ಅಂಗಡಿ, ಇನ್ನೊಂದು ಐಡಿ. ರೀಚಾರ್ಜ್ ಆಗದೆ ಹಳೆಯ ಸಿಮ್ ಬಂದ್ ಆಗಿದ್ದರೆ ಒಟಿಪಿ ಬರುವ ದಾರಿಯೂ ಮುಚ್ಚಿತು. ಟಿಪ್ಪಣಿಗಳು ಎಲ್ಲಿಯೂ ಹೋಗಿಲ್ಲ, ಯಾವುದೋ ಸರ್ವರಿನಲ್ಲಿ ಭದ್ರವಾಗಿವೆ. ಆದರೆ ಬರೆದವರಿಗೆ ಆ ಬಾಗಿಲಿನ ವಿಳಾಸವೂ ಗೊತ್ತಿಲ್ಲ, ಕೀಲಿಯೂ ಇಲ್ಲ. ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಹೀಗಾಗಿ ಆ ಭದ್ರತೆಗೂ ಒಂದು ಅವಧಿ ಇದೆ.

ಪ್ರತಿ ಎಂದರೆ ಏನೆಂಬುದನ್ನು ಅರಿಯಲು ಈ ನೆಲದವರು ದೂರ ಹೋಗಬೇಕಿಲ್ಲ. ಶರಣ ಕೆಂಭಾವಿ ಭೋಗಣ್ಣ ಇಲ್ಲಿಯವನು. ವಚನಕಾರ ಜೇಡರ ದಾಸಿಮಯ್ಯ ಹತ್ತಿರದ ಮುದನೂರಿನವನು. 12ನೆಯ ಶತಮಾನದಲ್ಲಿ ಕಲ್ಯಾಣದ ಕ್ರಾಂತಿಯ ನಂತರ ಶರಣರು ದಿಕ್ಕಾಪಾಲಾದರು. ವಚನಗಳೆಲ್ಲ ಒಂದೇ ಊರಿನ ಒಂದೇ ಭಂಡಾರದಲ್ಲಿ ಇದ್ದಿದ್ದರೆ ಅವು ಅಂದೇ ಮುಗಿಯುತ್ತಿದ್ದವು. ಉಳಿದದ್ದು, ಬೇರೆ ಬೇರೆ ಕೈಗಳು ಬೇರೆ ಬೇರೆ ಊರುಗಳಲ್ಲಿ ಓಲೆಗರಿಗಳ ಮೇಲೆ ಅವನ್ನು ನಕಲು ಮಾಡುತ್ತ ಬಂದದ್ದರಿಂದ. 15ನೆಯ ಶತಮಾನದಲ್ಲಿ ಪ್ರೌಢದೇವರಾಯನ ಕಾಲದಲ್ಲಿ ಚದುರಿದ್ದನ್ನು ಕೂಡಿಸುವ ದೊಡ್ಡ ಕೆಲಸ ನಡೆಯಿತು. ಮುಂದೆ ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆ, ಮಠಗಳ ಕಟ್ಟುಗಳನ್ನು ಹುಡುಕಿ ತಂದು 1923ರಲ್ಲಿ 'ವಚನಶಾಸ್ತ್ರಸಾರ' ಅಚ್ಚು ಹಾಕಿಸಿದರು. 1993ರಲ್ಲಿ ಕರ್ನಾಟಕ ಸರ್ಕಾರ ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಹೊರತಂದಿತು. ನಡುವೆ ಎಂಟುನೂರಕ್ಕೂ ಹೆಚ್ಚು ವರ್ಷ.

ಒಂದು ಮಠದ ಕಟ್ಟಿಗೆ ಗೆದ್ದಲು ಹತ್ತಿದರೆ ಇನ್ನೊಂದು ಮಠದ ಕಟ್ಟಿಗೆ ಹತ್ತಬೇಕೆಂದಿರಲಿಲ್ಲ. ಇದೇ ಇಡೀ ವಿಷಯದ ತಿರುಳು. ಒಂದರ ಕೇಡು ಇನ್ನೊಂದಕ್ಕೆ ತಾಗದಷ್ಟು ದೂರದಲ್ಲಿದ್ದರೆ ಮಾತ್ರ ಅದು ಪ್ರತಿ. ಇದಕ್ಕೆ ಒಂದು ಬೆಲೆಯೂ ಇತ್ತು, ಒಪ್ಪಿಕೊಳ್ಳಬೇಕು. ನಕಲು ಮಾಡುವವನ ಕೈ ತಪ್ಪುತ್ತಿತ್ತು, ಸಾಲು ಬಿಡುತ್ತಿತ್ತು, ಇನ್ನೊಬ್ಬರ ಮಾತು ಸೇರುತ್ತಿತ್ತು. ಹಾಗಿದ್ದೂ ನಾಲ್ಕು ಪ್ರತಿ ಎದುರಿಗಿಟ್ಟುಕೊಂಡ ಸಂಪಾದಕನಿಗೆ ಪಾಠಾಂತರಗಳು ಕಾಣುತ್ತವೆ, ಯಾವುದು ಮೂಲಕ್ಕೆ ಹತ್ತಿರವೆಂದು ತೂಗಿ ನೋಡಬಹುದು. ಸಿಂಕ್‌ನಲ್ಲಿ ಉಳಿಯುವುದು ಕೊನೆಗೆ ಮುಟ್ಟಿದ ಬೆರಳಿನ ಪಾಠ ಒಂದೇ. ಹಿಂದಿನ ಆವೃತ್ತಿಗಳನ್ನು ಕಾಪಾಡುವ ಆ್ಯಪುಗಳಿವೆ ನಿಜ, ಅದೂ ಅವರು ಇಟ್ಟಷ್ಟು ದಿನ.

ವಚನಕಾರರ ಇನ್ನೊಂದು ಪದ್ಧತಿಯನ್ನು ಇಂದಿನ ತಂತ್ರಜ್ಞರು ಗಮನಿಸಬೇಕು. ದಾಸಿಮಯ್ಯನ ವಚನದೊಳಗೇ 'ರಾಮನಾಥ' ಎಂಬ ಅಂಕಿತವಿರುತ್ತದೆ. ಗರಿಗಳು ಕಲಸಿಹೋದರೂ, ಕಟ್ಟಿನ ಮೊದಲ ಗರಿ ಕಳೆದರೂ, ಮಾತು ಯಾರದೆಂದು ಮಾತೇ ಹೇಳುತ್ತದೆ. ನಮ್ಮ ಆ್ಯಪುಗಳಲ್ಲಿ ತಾರೀಖು, ಹಣೆಪಟ್ಟಿ, ಯಾವ ಕಟ್ಟಿಗೆ ಸೇರಿದ್ದೆಂಬ ವಿವರ ಎಲ್ಲವೂ ಬರಹದ ಹೊರಗೆ, ಡೇಟಾಬೇಸಿನಲ್ಲಿ ಕೂತಿರುತ್ತವೆ. ರಫ್ತು ಮಾಡಿದಾಗ ಮೊದಲು ಉದುರುವುದು ಅವೇ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಟಿಪ್ಪಣಿಯ ಮೊದಲ ಸಾಲಿನಲ್ಲೇ ತಾರೀಖು, ಊರು, ಯಾರಿಂದ ಕೇಳಿದ್ದು ಎಂಬುದನ್ನು ಬರೆಯಿರಿ.

ಭೋಗಣ್ಣನ ಕಥೆಯಲ್ಲಿ ಈ ಚರ್ಚೆಗೆ ಬೇಕಾದ ಇನ್ನೊಂದು ಎಳೆ ಇದೆ. ಕುಲ ನೋಡದೆ ಜಂಗಮನನ್ನು ಮನೆಗೆ ಕರೆದು ಉಣಬಡಿಸಿದನೆಂದು ದೂರು ಹೋಗಿ, ಅವನು ಊರು ಬಿಡಬೇಕಾಯಿತು. ಅವನು ಹೊರಟಾಗ ಊರಿನ ಲಿಂಗಗಳೆಲ್ಲ ಅವನ ಬೆನ್ನು ಹತ್ತಿ ಹೊರಟವು ಎನ್ನುತ್ತದೆ ಶರಣಚರಿತ್ರೆ. ಹೊರಗೆ ಹೋಗುವವನ ಜೊತೆ ಅವನಿಗೆ ಸೇರಿದ್ದು ಹೋಗಬೇಕೆಂಬ ನ್ಯಾಯ ಈ ಕಥೆಯಲ್ಲಿ ನನಗೆ ಕೇಳಿಸುತ್ತದೆ. ಆ್ಯಪ್ ಬಿಡುವವರಿಗೂ ಆ ನ್ಯಾಯ ಸಿಗಬೇಕು. 2008ರಲ್ಲಿ ಎಲ್ಲರಿಗೂ ತೆರೆದುಕೊಂಡ ನೋಟ್ಸ್ ಆ್ಯಪ್ ಎವರ್‌ನೋಟ್, ಎಲ್ಲವನ್ನೂ ನೆನಪಿಡುವ ಜಾಗವೆಂದು ಕೋಟ್ಯಂತರ ಜನರನ್ನು ಸೆಳೆಯಿತು. ಇಟಲಿಯ ಬೆಂಡಿಂಗ್ ಸ್ಪೂನ್ಸ್ ಕಂಪನಿ ಅದನ್ನು ಕೊಳ್ಳುವ ಸುದ್ದಿ 2022ರ ನವೆಂಬರ್‌ನಲ್ಲಿ ಬಂತು. 2023ರ ಡಿಸೆಂಬರ್‌ನಲ್ಲಿ ಉಚಿತ ಬಳಕೆದಾರರಿಗೆ 50 ಟಿಪ್ಪಣಿ, ಒಂದು ನೋಟ್‌ಬುಕ್ ಎಂಬ ಮಿತಿ ಬಿತ್ತು. ಹಳೆಯ ಟಿಪ್ಪಣಿಗಳನ್ನು ಅದು ಕಿತ್ತುಕೊಳ್ಳಲಿಲ್ಲ, ಹೊರಗೆ ಒಯ್ಯಲು ಬಿಟ್ಟಿತು, ಅದು ಮೆಚ್ಚಬೇಕಾದದ್ದೇ. ಎಲ್ಲ ಕಂಪನಿಗಳೂ ಹಾಗೆ ಬಿಡಬೇಕೆಂಬ ಕಟ್ಟುಪಾಡು ಎಲ್ಲಿದೆ? ಯುರೋಪಿನಲ್ಲಿ 2018ರ ಮೇ ತಿಂಗಳಿನಿಂದ ಜಾರಿಯಲ್ಲಿರುವ ಕಾನೂನು, ತನ್ನ ಮಾಹಿತಿಯನ್ನು ಯಂತ್ರ ಓದಬಲ್ಲ ರೂಪದಲ್ಲಿ ಪಡೆದು ಬೇರೆ ಕಡೆ ಒಯ್ಯುವ ಹಕ್ಕನ್ನು ಬಳಕೆದಾರನಿಗೆ ಕೊಟ್ಟಿದೆ. ನಮ್ಮಲ್ಲಿ 2019ರ ಮಸೂದೆಯಲ್ಲಿ ಆ ಹಕ್ಕಿತ್ತು. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅದು ಇಲ್ಲ. ತಿದ್ದುವ, ಅಳಿಸುವ ಹಕ್ಕು ಇದೆ; ಕಟ್ಟಿಕೊಂಡು ಹೊರಡುವ ಹಕ್ಕು ಇಲ್ಲ. ಇದು ದೊಡ್ಡ ಲೋಪ, ಸರಿಪಡಿಸಲೇಬೇಕಾದದ್ದು.

ಬ್ಯಾಕಪ್ ಇದೆ ಎನ್ನುವುದಕ್ಕೂ ಅದರಿಂದ ಬರಹ ಮರಳಿ ಬರುತ್ತದೆ ಎನ್ನುವುದಕ್ಕೂ ನಡುವೆ ಬಹಳ ಅಂತರವಿದೆ. ಗಿಟ್‌ಲ್ಯಾಬ್ ಎಂಬ ಕಂಪನಿಯಲ್ಲಿ 2017ರ ಜನವರಿ 31ರಂದು ಒಬ್ಬ ಎಂಜಿನಿಯರ್ ಕೈತಪ್ಪಿ ಮುಖ್ಯ ಡೇಟಾಬೇಸ್ ಅಳಿಸಿದರು. ಬ್ಯಾಕಪ್ಪಿಗೆಂದು ಇಟ್ಟುಕೊಂಡಿದ್ದ ಐದು ವಿಧಾನಗಳಲ್ಲಿ ಒಂದೂ ನೆಟ್ಟಗೆ ಕೆಲಸ ಮಾಡುತ್ತಿರಲಿಲ್ಲವೆಂದು ಗೊತ್ತಾದದ್ದು ಆ ರಾತ್ರಿಯೇ. ಸುಮಾರು ಆರು ತಾಸು ಮೊದಲು ಬೇರೆ ಕೆಲಸಕ್ಕೆಂದು ತೆಗೆದಿದ್ದ ಒಂದು ಪ್ರತಿ ಅವರನ್ನು ಉಳಿಸಿತು. ಪರಿಣತರ ಮನೆಯಲ್ಲೇ ಹೀಗಾದರೆ ನಮ್ಮ ಪಾಡೇನು! ಗೂಗಲ್ ಕೀಪ್‌ನ ಟಿಪ್ಪಣಿಗಳನ್ನು ಟೇಕ್‌ಔಟ್ ಎಂಬ ಗೂಗಲ್ ಸೌಲಭ್ಯದ ಮೂಲಕ ಇಳಿಸಿಕೊಳ್ಳಬಹುದು; ಪ್ರತಿ ಟಿಪ್ಪಣಿಗೂ ಬ್ರೌಸರಿನಲ್ಲಿ ತೆರೆಯುವ ಎಚ್‌ಟಿಎಂಎಲ್ ಕಡತ ಒಂದು, ಯಂತ್ರ ಓದುವ ಜೆಸನ್ ಕಡತ ಒಂದು ಜಿಪ್ ಕಟ್ಟಿನಲ್ಲಿ ಬರುತ್ತವೆ. ಅವನ್ನು ಹಾಗೇ ಮರಳಿ ಕೀಪ್‌ಗೆ ತುಂಬಿಸುವ ಗುಂಡಿಯನ್ನು ಗೂಗಲ್ ಕೊಟ್ಟಿಲ್ಲ. ಇಳಿಸಿ ಎತ್ತಿಟ್ಟವರಲ್ಲಿ ಬಹಳ ಜನ ಆ ಜಿಪ್ ಬಿಚ್ಚಿಯೇ ನೋಡಿರುವುದಿಲ್ಲ.

ಕನ್ನಡದ ಮಟ್ಟಿಗೆ ಇನ್ನೊಂದು ಪೆಟ್ಟು ಈಗಾಗಲೇ ಬಿದ್ದಿದೆ. ಹಿಂದೆ ನುಡಿ, ಬರಹ ತಂತ್ರಾಂಶಗಳಲ್ಲಿ ಆಸ್ಕಿ ಫಾಂಟಿನಿಂದ ಟೈಪ್ ಮಾಡಿದ ಪಾಠ ಟಿಪ್ಪಣಿ, ಪ್ರಬಂಧ, ಊರಿನ ಇತಿಹಾಸಗಳು ಸಿಡಿಯಲ್ಲಿ, ಪೆನ್‌ಡ್ರೈವಿನಲ್ಲಿ ಒಂದಕ್ಷರವೂ ಕೆಡದೆ ಉಳಿದಿವೆ. ಆ ಫಾಂಟ್ ಇಲ್ಲದ ಫೋನಿನಲ್ಲಿ ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು. ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳಿವೆ, ಆದರೆ ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ಸ್ಥಾನ ತಪ್ಪುತ್ತವೆ, ಕೂತು ತಿದ್ದಬೇಕಾಗುತ್ತದೆ. ಇದೇ ಸೀಮೆಯ ಕೊಡೇಕಲ್ಲಿನ ಪರಂಪರೆಯಲ್ಲಿ ಕಾಲಜ್ಞಾನದ ಹಸ್ತಪ್ರತಿಗಳು ಅಮರಗನ್ನಡವೆಂಬ ಗುಪ್ತ ಲಿಪಿಯಲ್ಲಿವೆ. ಅಲ್ಲಿ ಲಿಪಿಯನ್ನು ಮರೆಯಾಗಿಟ್ಟದ್ದು ಬುದ್ಧಿಪೂರ್ವಕ. ಓದು ಬಲ್ಲವರು ತಮ್ಮವರಿಗೆ ಅದನ್ನು ಕಲಿಸುತ್ತ ಬಂದದ್ದರಿಂದ ಬರಹ ಬದುಕಿತು. ನಮ್ಮ ಆಸ್ಕಿ ಕಡತಗಳು ಯಾರೂ ಬಯಸದೆ ಗುಪ್ತವಾಗಿಬಿಟ್ಟಿವೆ, ಕಲಿಸುವ ಪರಂಪರೆಯೂ ಅವಕ್ಕಿಲ್ಲ. ಒಂದು ಆ್ಯಪಿಗಷ್ಟೇ ತಿಳಿಯುವ ರೂಪದಲ್ಲಿ ಇಂದು ಎತ್ತಿಡುವ ಬ್ಯಾಕಪ್ಪಿಗೂ ಇದೇ ಗತಿ ಬರಬಹುದು. ಸರಳ ಯೂನಿಕೋಡ್ ಪಠ್ಯಕ್ಕೆ ಆ ಭಯ ತೀರಾ ಕಡಿಮೆ.

ಎಲ್ಲವನ್ನೂ ಏಕೆ ಉಳಿಸಬೇಕು, ಪ್ರತಿ ಹೆಚ್ಚಿದಷ್ಟೂ ಗುಟ್ಟು ಬಯಲಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಮಾತು. ಯಾರಿಗೆ ಎಷ್ಟು ಸಾಲವಿದೆ ಎಂಬ ಪಟ್ಟಿ ಊರಿಗೆಲ್ಲ ಹಂಚುವಂಥದ್ದಲ್ಲ. ತನ್ನ ದಿನಚರಿ ತನ್ನೊಂದಿಗೇ ಮುಗಿಯಲಿ ಎಂದು ಬಯಸುವ ಹೆಣ್ಣುಮಗಳ ಬಯಕೆಗೂ ಗೌರವ ಸಲ್ಲಬೇಕು. ನನ್ನ ತಕರಾರು ಅಳಿವಿನ ಬಗ್ಗೆ ಅಲ್ಲ, ಅಳಿವನ್ನು ತೀರ್ಮಾನಿಸುವವರು ಯಾರೆಂಬುದರ ಬಗ್ಗೆ. ಬರೆದವರು ಯೋಚಿಸಿ ಅಳಿಸಿದರೆ ಅದು ಅವರ ಹಕ್ಕು. ಕಸದ ಬುಟ್ಟಿಯ ಗಡುವು, ಕಂಪನಿಯ ಮಾರಾಟ, ಮರೆತ ಪಾಸ್‌ವರ್ಡ್ ಇವು ಅವರ ಪರವಾಗಿ ತೀರ್ಮಾನಿಸಕೂಡದು.

ಮೊಹರಂ ಪದಗಳ ಮಾತೇ ಬೇರೆ. ಅವು ಮೊದಲಿಂದಲೂ ಹಲವರ ಸೊತ್ತು. ಬರೆದುಕೊಂಡ ಹುಡುಗ ಕಡತವನ್ನು ತನ್ನೊಬ್ಬನ ಖಾತೆಯಲ್ಲಿ ಇಟ್ಟುಕೊಳ್ಳದೆ ಮೇಳದ ನಾಲ್ಕು ಜನರಿಗೆ ಕೊಡಬೇಕು, ಮುದ್ರಿಸಿ ಕಾಗದದಲ್ಲೂ ಇಡಬೇಕು. ಇದನ್ನೆಲ್ಲ ಕಲಿಸಲು ಹೊಸ ಸಂಸ್ಥೆ ಕಟ್ಟಬೇಕಾಗಿಲ್ಲ. ಸುತ್ತಲಿನ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಕಂಪ್ಯೂಟರ್ ಇರುವ ಕಡೆ ತಿಂಗಳಿಗೊಂದು ಮಧ್ಯಾಹ್ನ ಇದಕ್ಕೆ ಕೊಟ್ಟರೆ ಸಾಕು. ಮೊದಲು ತನ್ನ ಫೋನಿನಲ್ಲಿರುವ ಐಡಿ ಯಾವುದೆಂದು ನೋಡಿ ಪಾಸ್‌ವರ್ಡನ್ನು ತಾನೇ ಬದಲಿಸುವುದು, ಆಮೇಲೆ ಟಿಪ್ಪಣಿಗಳನ್ನು ಇಳಿಸಿ ಪೆನ್‌ಡ್ರೈವಿಗೆ ಹಾಕುವುದು, ಕೊನೆಗೆ ಆ ಪೆನ್‌ಡ್ರೈವನ್ನು ನೆಟ್ ಇಲ್ಲದ ಕಂಪ್ಯೂಟರಿಗೆ ಹಚ್ಚಿ ತನ್ನ ಬರಹ ಕನ್ನಡದಲ್ಲೇ ತೆರೆಯುತ್ತದೋ ಇಲ್ಲವೋ ಎಂದು ಪಕ್ಕದವರಿಂದ ಓದಿಸಿ ನೋಡುವುದು. ತೆರೆಯದಿದ್ದರೆ ಮೂಲ ಇನ್ನೂ ಕೈಯಲ್ಲಿರುವಾಗಲೇ ಸರಿಪಡಿಸಿಕೊಳ್ಳಬಹುದು.