ಬಾಡಿಗೆದಾರರೂ ಈ ಊರಿನವರೇ

ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಾಗ, ಇನ್ನು ಇಲ್ಲಿನ ಭೂಮಿಗೆ ಬೆಲೆ ಬರುತ್ತದೆ ಎಂಬ ಮಾತು ಜೋರಾಗಿ ಕೇಳಿಬಂತು. ಬರಲಿ. ಆದರೆ ಸ್ವಂತ ಸೂರಿಲ್ಲದವರ ಪಾಲಿಗೆ ಅದು ಬಾಡಿಗೆ ಏರಿಕೆಯ ಸುದ್ದಿ. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಕೂಲಿಯವರು, ಚನ್ನಪಟ್ಟಣದಲ್ಲಿ ಹಾಲೆಮರದ ಬೊಂಬೆಗೆ ಅರಗಿನ ಬಣ್ಣ ಹಿಡಿಸುವವರು ಕೆಲಸದ ಹತ್ತಿರವೇ ಮನೆ ಹಿಡಿಯಬೇಕು. ಅಂಥವರ ಕೈಗೆಟಕುವುದು ಹಳೆಯ ವಠಾರ: ಸಾಲಾಗಿ ಐದಾರು ಪುಟ್ಟ ಮನೆ, ಶೀಟಿನ ಮಾಡು, ಎಲ್ಲರಿಗೂ ಒಂದೇ ನಲ್ಲಿ. ಕನಕಪುರ, ಮಾಗಡಿಗಳಲ್ಲೂ ಬಡವರ ಬಾಡಿಗೆ ಮನೆ ಎಂದರೆ ಹೀಗೆಯೇ. ವಠಾರ ಕೆಡವಿ ಮೂರಂತಸ್ತು ಎಬ್ಬಿಸಿದರೆ ಮನೆಗಳ ಲೆಕ್ಕ ಹೆಚ್ಚುತ್ತದೆ, ಮೊದಲಿದ್ದವರು ಮಾತ್ರ ಅಲ್ಲಿಗೆ ಮರಳಲಾರರು. ಹೊಸ ಮನೆ ಕಟ್ಟುವ ಯೋಜನೆಗಳಷ್ಟೇ ಸಾಲದು, ಇರುವ ಅಗ್ಗದ ಮನೆಗಳನ್ನು ಉಳಿಸಿಕೊಳ್ಳುವುದೂ ಪುರಸಭೆ, ನಗರಸಭೆಗಳ ಹೊಣೆಯಾಗಬೇಕು.

ಕಾನೂನು ಇದೆಯಲ್ಲ ಎನ್ನಬಹುದು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ವಾಸದ ಮನೆಗಳಿಗೆ ಹಾಕಿಕೊಂಡ ಮಿತಿ, ಊರಿಗೆ ತಕ್ಕಂತೆ, ತಿಂಗಳಿಗೆ 3,500 ಅಥವಾ 2,000 ರೂಪಾಯಿ. ಅದನ್ನು ದಾಟಿದ ಮನೆ ಆ ಕಾಯ್ದೆಯ ಹೊರಗೆ. ಇಂದು ಎರಡು ಕೋಣೆಯ ಮನೆಗೂ ಆ ರಕ್ಷಣೆ ಸಿಗುವುದು ಕಷ್ಟ. ಉಳಿಯುವುದು ಹನ್ನೊಂದು ತಿಂಗಳ ಕರಾರು, ಎಷ್ಟೋ ಕಡೆ ಅದೂ ಇಲ್ಲದ ಬಾಯಿಮಾತು. ಮಾಲೀಕರು ಖಾಲಿ ಮಾಡಿ ಎಂದ ಮೇಲೆ ಹೊಸ ಮನೆಗೆ ಅಡ್ವಾನ್ಸ್ ಹೊಂದಿಸಬೇಕು. ಹಳೆಯ ಅಡ್ವಾನ್ಸ್‌ನಲ್ಲಿ ಬಣ್ಣದ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದಿರುತ್ತದೆ. ಮಕ್ಕಳ ಶಾಲೆ, ಆಧಾರ್ ವಿಳಾಸ, ಗೃಹಜ್ಯೋತಿಗೆ ಜೋಡಿಸಿದ ಆರ್.ಆರ್. ಸಂಖ್ಯೆ ಎಲ್ಲಕ್ಕೂ ಅಲೆಯಬೇಕು. ದಿನಗೂಲಿಯವರಿಗೆ ಪ್ರತಿ ಅಲೆದಾಟವೂ ಒಂದು ದಿನದ ಸಂಬಳ.

ಮಾಲೀಕರ ಮಾತಿನಲ್ಲೂ ಹುರುಳಿದೆ. ಬಾಡಿಗೆಯನ್ನೇ ನಂಬಿ ಬದುಕುವ ವೃದ್ಧರು ಈ ಊರುಗಳಲ್ಲಿ ಕಡಿಮೆಯಿಲ್ಲ. ಬಾಡಿಗೆದಾರರು ಬಿಡದೆ ಕೂತುಬಿಟ್ಟರೆ ಎಂಬ ಭಯಕ್ಕೆ ಬೀಗ ಜಡಿದ ಮನೆಗಳೂ ಇವೆ. 2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿ ಖಾಲಿ ಇದ್ದ ಮನೆಗಳು ಸುಮಾರು 1.1 ಕೋಟಿ. ಹಾಗಾಗಿ ಬಾಡಿಗೆಯನ್ನು ಕಟ್ಟಿಹಾಕಿ ಎಂದು ನಾನು ಕೇಳುತ್ತಿಲ್ಲ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯೂ ಅದನ್ನು ಹೇಳುವುದಿಲ್ಲ. ಲಿಖಿತ ಕರಾರು, ಎರಡು ತಿಂಗಳಿಗೆ ಮೀರದ ಅಡ್ವಾನ್ಸ್, ಬಾಡಿಗೆ ಏರಿಸಲು ಮೂರು ತಿಂಗಳ ಮುನ್ಸೂಚನೆ, ವ್ಯಾಜ್ಯಕ್ಕೆ ಪ್ರತ್ಯೇಕ ಪ್ರಾಧಿಕಾರ, ಇವಿಷ್ಟನ್ನೇ ಅದು ಬಯಸುವುದು. ಇದರಿಂದ ಮಾಲೀಕರ ಭಯವೂ ತಗ್ಗುತ್ತದೆ. ಜೊತೆಗೆ ವಠಾರವನ್ನು ರಿಪೇರಿ ಮಾಡಿ ಹಳೆಯ ಬಾಡಿಗೆಗೇ ಉಳಿಸಿಕೊಳ್ಳುವವರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡಬೇಕು. ಕೆಡವಲು ಅರ್ಜಿ ಬಂದಾಗ ಅಲ್ಲಿ ಯಾರು ವಾಸವಿದ್ದಾರೆ ಎಂದು ಮೊದಲು ಬರೆದುಕೊಳ್ಳಬೇಕು.

ಇದೇ ಜಿಲ್ಲೆಯ ಬಿಡದಿಯ ಉಪನಗರ ಯೋಜನೆಯಲ್ಲಿ ಜಮೀನು ಕೊಡುವ ರೈತರ ಪರಿಹಾರವೇ ಚರ್ಚೆಯಲ್ಲಿದೆ, ಇರಲೇಬೇಕು. ಆದರೆ 2013ರ ಭೂಸ್ವಾಧೀನ ಕಾಯ್ದೆ, ಮೂರು ವರ್ಷ ಅಲ್ಲೇ ದುಡಿದು ಆ ಜೀವನೋಪಾಯ ಕಳೆದುಕೊಳ್ಳುವ ಭೂರಹಿತ ಕೂಲಿಕಾರರು, ಗೇಣಿದಾರರನ್ನೂ ಬಾಧಿತ ಕುಟುಂಬವೆಂದೇ ಕರೆಯುತ್ತದೆ. ಭೂಸ್ವಾಧೀನ ಯಾವ ಕಾಯ್ದೆಯಡಿ ನಡೆದರೂ ಸರಿ, ಅಂಥ ಕುಟುಂಬಗಳ ಸಮೀಕ್ಷೆ ಜೆಸಿಬಿ ಬರುವ ಮೊದಲೇ ಮುಗಿಯಬೇಕು.